ಬಾಗಿದ ಕಿವಿ, ನೆಟ್ಟಗಿನ ಪಿನ್ನು

ಟ್ರ್ಯಾಕ್ಟರಿಗೆ ಲೋಡರ್ ಕಟ್ಟಿಸಿಕೊಂಡವರ ಮನೆಯಂಗಳಕ್ಕೆ ಹೋದರೆ ನನ್ನ ಕಣ್ಣು ಬಕೆಟ್ಟಿನ ಹಲ್ಲಿನ ಮೇಲೆ ನಿಲ್ಲುವುದಿಲ್ಲ, ನೇರ ಬೆನ್ನಿಗೆ ಹೋಗುತ್ತದೆ. ಬಕೆಟ್ಟನ್ನು ಲೋಡರಿನ ಎರಡು ತೋಳುಗಳಿಗೆ ಸೇರಿಸುವ ತೂತಿನ ಪ್ಲೇಟುಗಳಿರುವುದು ಅಲ್ಲಿ. ಅವನ್ನು ಇಲ್ಲಿ ಕಿವಿ ಎಂದೇ ಕರೆಯುತ್ತೇನೆ. ಸಾಮಾನ್ಯವಾಗಿ ಕೆಳಗೆ ಎರಡು ಜೋಡಿ, ತೋಳಿನ ತುದಿಗೆ; ಮೇಲೆ ಎರಡು ಜೋಡಿ, ಬಕೆಟ್ಟನ್ನು ಮಗುಚುವ ಸಿಲಿಂಡರಿಗೆ. ನಾಲ್ಕು ಪಿನ್ನು, ಎಂಟು ಕಿವಿ. ಎಂಟೂ ನೇರವಾಗಿದ್ದರೆ ಓಡಿಸುವವನು ಜಾಣ, ಇಲ್ಲವೇ ಗಾಡಿ ಹೊಸದು. ಹೆಚ್ಚಾಗಿ ಎರಡನೆಯದೇ ನಿಜ.

ಬೇಸಿಗೆಯಲ್ಲಿ ಕೆರೆ ಹೂಳು ತುಂಬುವಾಗಲಾಗಲಿ, ಮುಂಗಾರಿಗೆ ಮುಂಚೆ ತಿಪ್ಪೆ ಬಗೆದು ಗೊಬ್ಬರ ಹೇರುವಾಗಲಾಗಲಿ ಕಿವಿ ಬಾಗುವುದಿಲ್ಲ. ಲೋಡರನ್ನು ಮಾಡಿರುವುದೇ ಆ ಕೆಲಸಕ್ಕೆ. ಕಿವಿ ಬಾಗುವುದು ಕೆಲಸವೆಲ್ಲ ಮುಗಿದ ಮೇಲೆ, ಯಾರೋ ಹಿರಿಯರು ಜಗುಲಿಯಿಂದ “ಹೆಂಗೂ ಗಾಡಿ ಐತೆ, ಆ ತೆಂಗಿನ ಬೊಡ್ಡೇನೂ ಒಂದು ಸಲ ನೂಕಿಬಿಡಪ್ಪ” ಅಂದಾಗ. ಬಕೆಟ್ಟಿನ ನಡುಭಾಗ ಕೊಟ್ಟರೆ ಬೊಡ್ಡೆ ಅಲ್ಲಾಡುವುದಿಲ್ಲ. ಮೂಲೆ ಕೊಟ್ಟರೆ ಅಲ್ಲಾಡುತ್ತದೆ. ಅಲ್ಲಾಡಿತೆಂಬ ಹುಮ್ಮಸ್ಸಿನಲ್ಲಿ ಮತ್ತೊಂದು ಸಲ, ಸ್ವಲ್ಪ ಹಿಂದಕ್ಕೆ ಬಂದು ಜೋರಾಗಿ.

ಆಗ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಬಹುದು. ಬಕೆಟ್ಟಿನ ಅಗಲ 1,800 ಮಿ.ಮೀ., ಎರಡು ತೋಳುಗಳ ನಡುವೆ 900 ಮಿ.ಮೀ. ಇದೆ ಅನ್ನಿ. ಮೂಲೆಯ ಮೇಲೆ 1 ಟನ್ ಒತ್ತಡ ಬಿದ್ದರೆ ಆ ಬದಿಯ ಕಿವಿಗಳು ಹೊರುವುದು 1 ಟನ್ನಲ್ಲ, ಒಂದೂವರೆ ಟನ್. ಉಳಿದ ಅರ್ಧ ಎಲ್ಲಿಂದ ಬಂತೆಂದರೆ, ಆಚೆ ಬದಿಯ ಕಿವಿಗಳು ಅಷ್ಟೇ ಹೊತ್ತಿನಲ್ಲಿ ಅರ್ಧ ಟನ್ನಿನಷ್ಟು ಎದುರು ದಿಕ್ಕಿಗೆ ಜಗ್ಗುತ್ತಿರುತ್ತವೆ. ಎಡಮೂಲೆಯಲ್ಲಿ ನೂಕಿದ ಗಾಡಿಯ ಎಡಗಿವಿಯನ್ನು ಎಲ್ಲರೂ ನೋಡುತ್ತಾರೆ, ಬಲಗಿವಿಯನ್ನು ಯಾರೂ ನೋಡುವುದಿಲ್ಲ. ರಿಪೇರಿ ಮಾಡಿಸಿದ ಮೇಲೂ ಪಿನ್ನು ಹಿಡಿದುಕೊಳ್ಳುತ್ತದೆಂದು ದೂರುವವರಲ್ಲಿ ಅರ್ಧ ಜನರ ಕಾಯಿಲೆ ಈ ಬಲಗಿವಿಯಲ್ಲೇ ಇರುತ್ತದೆ ಎಂಬುದು ನನ್ನ ಅನುಮಾನ.

ಇನ್ನೊಂದು ಕೆಟ್ಟ ಚಾಳಿ, ಬಕೆಟ್ಟನ್ನು ಪೂರ್ತಿ ಮುಂದಕ್ಕೆ ಮಗುಚಿ, ಹಲ್ಲನ್ನು ನೆಲಕ್ಕೆ ಊರಿ, ರಿವರ್ಸ್ ಗೇರಿನಲ್ಲಿ ಎಳೆದು ಅಂಗಳ ಮಟ್ಟ ಮಾಡುವುದು. ಆಗ ಸಿಲಿಂಡರಿನ ರಾಡು ಪೂರ್ತಿ ಹೊರಗೆ ಚಾಚಿರುತ್ತದೆ. ಹೂತಿದ್ದ ಕಲ್ಲೊಂದು ಸಿಕ್ಕರೆ ಮೊದಲು ಸೊಟ್ಟಗಾಗುವುದು ಆ ರಾಡು, ಇಲ್ಲವೇ ಮೇಲಿನ ಕಿವಿ. ಹೀಗಾದಾಗ ಕಿವಿ ಬಾಗಿ ರಾಡು ಉಳಿದರೆ ದೇವರಿಗೆ ಕೈಮುಗಿಯಿರಿ. ಕಿವಿ ಸಾದಾ ಪ್ಲೇಟು, ರಾಡು ಕ್ರೋಮ್ ಲೇಪದ್ದು. ಬೆಲೆಯಲ್ಲಿ ಅಜಗಜಾಂತರ.

ಬಾಗಿದ ಬಕೆಟ್ ವೆಲ್ಡಿಂಗ್ ಶಾಪಿನ ಮುಂದೆ ಬಂದು ನಿಂತಾಗ ನಡೆಯುವ ಮಾತುಕತೆ ಶಿವಮೊಗ್ಗದಲ್ಲೂ ಒಂದೇ, ಸಿಂಧನೂರಲ್ಲೂ ಒಂದೇ. “ಆಚಾರ್ರೇ, ಸ್ವಲ್ಪ ನೆಟ್ಟಗೆ ಮಾಡಿಕೊಡಿ, ಹಂಗೇ ಒಂದೆರಡು ಪಟ್ಟಿ ಬಡಿದು ಗಟ್ಟಿ ಮಾಡಿಬಿಡಿ.” “ಆಯ್ತು ಗೌಡ್ರೇ, ಸಂಜೆ ಬರ‍್ರಿ.” ಈ ಮಾತಿನ ಮೊದಲರ್ಧ ಸರಿ, ಎರಡನೆಯದು ತಪ್ಪು. ಸಂಜೆ ಎನ್ನುವುದಂತೂ ಶುದ್ಧ ಸುಳ್ಳು.

ಬಂದ ಕೂಡಲೇ ಗ್ಯಾಸ್ ಹಚ್ಚುವವರನ್ನು ಕಂಡರೆ ನನಗೆ ಹೆದರಿಕೆ. ಬಾಗಿದ್ದು ಯಾವುದೆಂದು ಮೊದಲು ತಿಳಿಯಬೇಕು. ಬಕೆಟ್ಟನ್ನು ಕಳಚಿ, ಮಣ್ಣು, ಗ್ರೀಸು, ಬಣ್ಣ ಎಲ್ಲ ಕೆರೆದು ತೆಗೆಯಬೇಕು. ತೋಳುಗಳನ್ನು ನೆಲಕ್ಕಿಳಿಸಬೇಕು ಅಥವಾ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಎಣ್ಣೆಯ ಒತ್ತಡದ ಮೇಲೆ ನಿಂತ ತೋಳಿನ ಕೆಳಗೆ ತಲೆ ಹಾಕುವವನಿಗೆ ಹೋಸ್ ಒಡೆದರೆ ಎರಡನೇ ಅವಕಾಶ ಇರುವುದಿಲ್ಲ. ಆಮೇಲೆ ಬೇಕಾದ ಮುಖ್ಯ ಉಪಕರಣ ಒಂದೇ: ಪಿನ್ನಿಗಿಂತ ಅರ್ಧ ಮಿ.ಮೀ. ಸಣ್ಣದಾದ, ಬಕೆಟ್ಟಿನಷ್ಟೇ ಉದ್ದದ ನೇರ ಶಾಫ್ಟು. ಲೇತಿನವರ ಹತ್ತಿರ ಸಿಗುತ್ತದೆ, ಬಾಡಿಗೆಗೂ ಕೊಟ್ಟಾರು. ಅದನ್ನು ಎಡಗಡೆಯ ಕೆಳಗಿವಿಯಿಂದ ತೂರಿಸಿದರೆ ನಾಲ್ಕೂ ಕೆಳಗಿವಿಗಳನ್ನು ಹಾದು ಬಲಗಡೆ ಹೊರಬರಬೇಕು. ಎಲ್ಲಿ ತಡೆಯಿತೋ ಅಲ್ಲಿದೆ ಬಾಗು. ಎಷ್ಟು ಪಕ್ಕಕ್ಕೆ ಬಡಿಯಿತೋ ಅಷ್ಟಿದೆ ಬಾಗು. ಕಣ್ಣಳತೆಯಲ್ಲಿ ನೇರವಾಗಿ ಕಂಡ ಎಷ್ಟೋ ಬಕೆಟ್ಟುಗಳು ಈ ಶಾಫ್ಟಿನ ಮುಂದೆ ಸಿಕ್ಕಿಬೀಳುತ್ತವೆ.

ತಿರುಚು ಹಿಡಿಯಲು ಬಡಗಿಗಳ ಹಳೆಯ ಉಪಾಯ ಸಾಕು. ಎರಡು ನೇರವಾದ ಪಟ್ಟಿಗಳನ್ನು, ಎಡಬದಿಯ ಕಿವಿಗಳ ಮೇಲೊಂದು, ಬಲಬದಿಯ ಕಿವಿಗಳ ಮೇಲೊಂದು ಇಟ್ಟು, ಪಕ್ಕದಿಂದ ಒಂದರ ಅಂಚಿನ ಮೇಲಿಂದ ಇನ್ನೊಂದರ ಅಂಚನ್ನು ನೋಡುವುದು. ಅಂಚುಗಳು ಒಂದಾಗಿ ಕಂಡರೆ ಸರಿ, ಕತ್ತರಿಯಾಗಿ ಕಂಡರೆ ತಿರುಚಿದೆ. ಕರ್ಣದ ಅಳತೆ ಎರಡೂ ಕಡೆಯಿಂದ ಹಿಡಿದು ಬರೆದಿಟ್ಟುಕೊಳ್ಳಬೇಕು. ಕೊನೆಗೆ ಬಿರುಕು. ಹಳೆಯ ವೆಲ್ಡಿನ ಅಂಚಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಸ್ವಲ್ಪ ಹೊತ್ತು ಬಿಟ್ಟರೆ ಕೂದಲೆಳೆಯ ಬಿರುಕೂ ಒದ್ದೆ ಗೆರೆಯಾಗಿ ಮೇಲೇಳುತ್ತದೆ. ಬಣ್ಣದ ಸ್ಪ್ರೇ ಡಬ್ಬಿಗಳ ಸೆಟ್ಟು ಕೊಂಡರೆ ಇನ್ನೂ ಚೆನ್ನ. ಆದರೆ ಹಳ್ಳಿಯಲ್ಲಿ ಮೊದಲ ಉಪಾಯಕ್ಕೆ ಏನೂ ಕೊರತೆಯಿಲ್ಲ.

ಪಿನ್ನು ಹಾಕಿ ತೆಗೆಯುವ ತಾಪತ್ರಯವಿಲ್ಲದ ಕ್ವಿಕ್ ಹಿಚ್ ಪ್ಲೇಟುಗಳು ನಮ್ಮಲ್ಲಿನ್ನೂ ಕಡಿಮೆ. ಸ್ಕಿಡ್ ಸ್ಟಿಯರ್ ಎಂಬ ಪುಟ್ಟ ಲೋಡರ್ ಇಟ್ಟುಕೊಂಡ ಗುತ್ತಿಗೆದಾರರಿಗೆ ಅವು ಪರಿಚಿತ. ಅಮೆರಿಕದ ಮಿನ್ನೆಸೋಟಾದಲ್ಲಿ ಕೆಲ್ಲರ್ ಸಹೋದರರು 1957ರಲ್ಲಿ ಟರ್ಕಿ ಕೋಳಿ ಸಾಕುವವನ ಕೊಟ್ಟಿಗೆ ಬಾಚಲೆಂದು ಮೂರು ಚಕ್ರದ ಪುಟ್ಟ ಲೋಡರ್ ಕಟ್ಟಿಕೊಟ್ಟರು. ಅದೇ ಬೆಳೆದು ಬಾಬ್‌ಕ್ಯಾಟ್ ಆಯಿತು. ಆ ಕಂಪನಿ 1970ರಲ್ಲಿ ತಂದ ಬಾಬ್‌ಟ್ಯಾಕ್ ಎಂಬ ಜೋಡಣೆಯ ಮಾದರಿಯೇ ಮುಂದೆ ಎಲ್ಲರದ್ದೂ ಆಗಿ, ಈಗ ಐಎಸ್‌ಒ 24410 ಎಂಬ ಮಾನಕದಲ್ಲಿ ಅದರ ಅಳತೆಗಳಿವೆ. ಮೇಲಂಚು ಬಕೆಟ್ಟಿನ ತುಟಿಯಡಿ ಸಿಕ್ಕಿಕೊಳ್ಳುತ್ತದೆ, ಸನ್ನೆ ಒತ್ತಿದರೆ ಕೆಳಗಿನ ಎರಡು ಬೆಣೆಗಳು ತೂತಿಗೆ ಇಳಿಯುತ್ತವೆ. ಒಂದು ಬೆಣೆ ಇಳಿದು ಇನ್ನೊಂದು ಅರ್ಧಕ್ಕೆ ನಿಂತರೆ ಎರಡು ಪ್ಲೇಟುಗಳು ಒಂದೇ ಸಮತಲದಲ್ಲಿಲ್ಲ ಎಂದರ್ಥ. ಸುತ್ತಿಗೆಯಲ್ಲಿ ಬಡಿದು ಇಳಿಸಿಕೊಂಡು ಕೆಲಸಕ್ಕೆ ಹೊರಡುವವರಿದ್ದಾರೆ. ಅರ್ಧ ಕೂತ ಬೆಣೆ ಕಳಚಿದರೆ ಬಕೆಟ್ಟು ಯಾರ ಮೇಲೆ ಬೀಳುತ್ತದೆಂದು ಯೋಚಿಸಿದವರು ಹಾಗೆ ಮಾಡುವುದಿಲ್ಲ.

ಈಗ ನೇರ ಮಾಡುವ ಮಾತು. ಕಿವಿಯೇ ಬಾಗಿದ್ದರೆ ನನ್ನ ತೀರ್ಪು ಚುಟುಕು: ಕತ್ತರಿಸಿ ಎಸೆದು ಹೊಸದು ಹಾಕಿಸಿ. ಬಾಗಿದ ಕಿವಿಯ ತೂತು ದುಂಡಗೆ ಉಳಿದಿರುವುದಿಲ್ಲ. ಅದನ್ನು ಮರಳಿ ಬಗ್ಗಿಸಿದರೂ ವೆಲ್ಡಿನ ಬುಡದಲ್ಲಿ ಬಿರುಕು ಬಿಡುವ ಸಂಭವವೇ ಹೆಚ್ಚು. 16 ಮಿ.ಮೀ. ಎಂ.ಎಸ್. ಪ್ಲೇಟಿನ ತುಂಡೊಂದಕ್ಕೆ ಆಗುವ ಖರ್ಚು ದೊಡ್ಡದಲ್ಲ. ತೂತನ್ನು ಮಾತ್ರ ಗ್ಯಾಸಿನಲ್ಲಿ ಊದಿಸಬೇಡಿ, ಡ್ರಿಲ್ಲಿನಲ್ಲಿ ಕೊರೆಸಿ. ಕಿವಿ ಸರಿಯಿದ್ದು, ಅದು ಕೂತಿರುವ ಬಕೆಟ್ಟಿನ ಬೆನ್ನೋ ಅಡ್ಡ ಪೈಪೋ ಬಾಗಿದ್ದರೆ ಆಗ ಬಗ್ಗಿಸುವ ಕೆಲಸ.

ನಮ್ಮ ಎಂ.ಎಸ್. ಪ್ಲೇಟು ಐಎಸ್ 2062ರ ಇ250 ದರ್ಜೆಯದಾದರೆ ಸುಮಾರು 250 ಮೆಗಾಪಾಸ್ಕಲ್ ಒತ್ತಡದವರೆಗೆ ಬಾಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಅದನ್ನು ದಾಟಿದ ಮೇಲೆ ಬಾಗಿದ್ದು ಮಾತ್ರ ಉಳಿದುಬಿಡುತ್ತದೆ, ಅದಕ್ಕೆ ಮುಂಚಿನಷ್ಟು ವಾಪಸ್ ಬರುತ್ತದೆ. ಹಾಗಾಗಿ ಜ್ಯಾಕ್ ಕೊಟ್ಟು ನೇರ ಮಾಡುವಾಗ ನೇರಕ್ಕೆ ತಂದು ನಿಲ್ಲಿಸಿದರೆ, ಜ್ಯಾಕ್ ತೆಗೆದಾಗ ಒಂದಷ್ಟು ಹಿಂದಕ್ಕೆ ಹೋಗುತ್ತದೆ. ನೇರವನ್ನು ದಾಟಿಸಿ ಬಿಡಬೇಕು. ಎಷ್ಟು ದಾಟಿಸಬೇಕೆಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಕೊಟ್ಟು, ಪ್ರತಿ ಸಲ ಬಿಟ್ಟು, ಶಾಫ್ಟು ತೂರಿಸಿ ನೋಡಬೇಕು. ಇನ್ನೊಂದು ಸೋಜಿಗವಿದೆ. ಒಂದು ದಿಕ್ಕಿಗೆ ಬಾಗಿದ ಲೋಹ ಎದುರು ದಿಕ್ಕಿಗೆ ಮೊದಲಿಗಿಂತ ಕಡಿಮೆ ಬಲಕ್ಕೇ ಬಗ್ಗಲು ಶುರುಮಾಡುತ್ತದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಯೋಹಾನ್ ಬೌಶಿಂಗರ್ 1880ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಬಾಗಲು ಅಷ್ಟು ಬಲ ಬೇಕಾಯಿತಲ್ಲ ಎಂದು ಅಷ್ಟನ್ನೇ ವಾಪಸ್ ಕೊಟ್ಟರೆ ಆಚೆ ಬದಿಗೆ ಬಾಗಿದ ಬಕೆಟ್ ಕೈಗೆ ಬರುತ್ತದೆ.

ಎಳೆದು ನೇರ ಮಾಡಲು ಸರಪಳಿ ಕಟ್ಟಿ ಇನ್ನೊಂದು ಟ್ರ್ಯಾಕ್ಟರಿನಿಂದ ಜಗ್ಗಿಸುವುದನ್ನು ದಯವಿಟ್ಟು ಬಿಡಿ. ತುಂಡಾದ ಸರಪಳಿ ನೋಡಿ ಹಾರುವುದಿಲ್ಲ. ಬಕೆಟ್ಟನ್ನು ದಪ್ಪ ಐ-ಬೀಮಿಗೆ ಕ್ಲ್ಯಾಂಪ್ ಮಾಡಿ, ನಡುವೆ 20 ಟನ್ನಿನ ಬಾಟಲ್ ಜ್ಯಾಕ್ ಇಟ್ಟರೆ ಬಲವೆಲ್ಲ ಅಲ್ಲಲ್ಲೇ ಮುಗಿಯುತ್ತದೆ.

ಕಾಸಿ ನೇರ ಮಾಡುವುದರಲ್ಲಿ ಎರಡು ಬಗೆ. ಒಂದು, ಕೆಂಪಗೆ ಕಾಸಿ ಸಮ್ಮಟಿಗೆಯಲ್ಲಿ ಬಡಿಯುವುದು. ಕುಲುಮೆಯ ಕಾಲದ್ದು, ಎಲ್ಲರಿಗೂ ಗೊತ್ತು. ಇನ್ನೊಂದು ನನಗೆ ಬಹಳ ಪ್ರಿಯವಾದ, ಸುತ್ತಿಗೆಯನ್ನೇ ಮುಟ್ಟದ ವಿದ್ಯೆ. ಬಾಗಿನ ಉಬ್ಬು ಬದಿಯಲ್ಲಿ ಸೀಮೆಸುಣ್ಣದಿಂದ ಇಂಗ್ಲಿಷ್ ವಿ ಆಕಾರ ಬರೆದು, ಅದರ ಬಾಯಿ ಉಬ್ಬಿನ ಅಂಚಿಗೆ ಬರುವಂತೆ ಇಟ್ಟು, ಮೊನೆಯಿಂದ ಶುರುಮಾಡಿ ಜ್ವಾಲೆಯನ್ನು ಆಚೀಚೆ ಆಡಿಸುತ್ತ ಬಾಯಿಯವರೆಗೆ ತರುವುದು. ಕಾದ ಉಕ್ಕು ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಉಕ್ಕು ಬಿಡುವುದಿಲ್ಲ. ಹಿಗ್ಗಲಾರದೆ ಅದು ತನ್ನಲ್ಲೇ ದಪ್ಪಗಾಗುತ್ತದೆ. ಆರುವಾಗ ಮಾತ್ರ ಕುಗ್ಗಲು ಅಡ್ಡಿಯಿಲ್ಲ, ಬಾಗನ್ನು ತಾನೇ ಎಳೆದು ನೇರ ಮಾಡುತ್ತದೆ. 100 ಮಿ.ಮೀ. ಉದ್ದದ ಉಕ್ಕು 600 ಡಿಗ್ರಿ ಬಿಸಿಯೇರಿದರೆ ಬೆಳೆಯುವುದು ಒಂದು ಮಿ.ಮೀ.ಗಿಂತ ಕಡಿಮೆ, ಆದ್ದರಿಂದ ಒಂದು ಸಲಕ್ಕೆ ಆಗುವ ಚಲನೆ ಪುಟ್ಟದು. ತಾಳ್ಮೆಯಿಲ್ಲದವನಿಗೆ ಇದು ಹೇಳಿಮಾಡಿಸಿದ್ದಲ್ಲ. ಪೂರ್ತಿ ಆರಿದ ಮೇಲೆ ಅಳೆದು, ಬೇಕಿದ್ದರೆ ಪಕ್ಕದಲ್ಲಿ ಇನ್ನೊಂದು ವಿ.

ಮಿತಿ 650 ಡಿಗ್ರಿ. ನೆರಳಿನಲ್ಲಿ ಮಂಕು ಕೆಂಪಾಗಿ ಕಾಣುವಷ್ಟು. ಕಿತ್ತಳೆ ಬಣ್ಣಕ್ಕೆ ಹೋಯಿತೆಂದರೆ ಅತಿಯಾಯಿತು. ಬಿಸಿಲಿನಲ್ಲಿ ನಿಂತು ಬಣ್ಣ ನೋಡುವವನು ಯಾವಾಗಲೂ ಹೆಚ್ಚು ಕಾಸುತ್ತಾನೆ, ಆದ್ದರಿಂದ ಈ ಕೆಲಸ ಶೆಡ್ಡಿನೊಳಗೆ. ಕೆಂಪಗಿರುವಾಗ ನೀರು ಹೊಯ್ಯಬಾರದು. ಪಕ್ಕದಲ್ಲಿ ಇಎನ್8ರಂಥ ಇಂಗಾಲ ಹೆಚ್ಚಿರುವ ಉಕ್ಕಿನ ಬುಷ್ ಇದ್ದರೆ ಅದು ಪೆಡಸಾಗಿ ಸಿಡಿಯಬಹುದು. ಎರಡೂ ತುದಿ ಮುಚ್ಚಿ ಬೆಸೆದ ಪೈಪಿಗೆ ಬೆಂಕಿ ಕೊಡುವ ಮುನ್ನ ಸಣ್ಣ ತೂತೊಂದನ್ನು ಕೊರೆಯಿರಿ. ಒಳಗೆ ಸೇರಿದ ಎಣ್ಣೆ, ನೀರು ಆವಿಯಾದರೆ ಪೈಪು ಬಾಂಬಾಗುತ್ತದೆ.

ವೆಲ್ಡಿಂಗಿಗೆ ಬರೋಣ. ಅಂಗಡಿಗಳಲ್ಲಿ ಸದಾ ಸಿಗುವ ರಾಡು 6013. ಗೇಟಿಗೆ, ಕಿಟಕಿಗೆ ಅದು ಸೊಗಸು. ಲೋಡರಿನ ಕಿವಿಗೆ 7018 ಬೇಕು. ಅದರ ಲೇಪಕ್ಕೆ ಪಸೆ ತಾಗಬಾರದು. ಮಲೆನಾಡಿನ ಮಳೆಗಾಲದಲ್ಲಿ ಬಿಚ್ಚಿಟ್ಟ ಪ್ಯಾಕೆಟ್ಟಿನ ರಾಡಿನಲ್ಲಿ ಬೆಸೆದರೆ ತೇವದ ಹೈಡ್ರೋಜನ್ ಒಳಸೇರಿ, ನೋಡಲು ಚೆಂದದ ವೆಲ್ಡಿನ ಪಕ್ಕದಲ್ಲೇ ಮರುದಿನ ಬಿರುಕು ಕಾಣಿಸಿಕೊಳ್ಳಬಹುದು. ಶುರುಮಾಡುವ ಮುನ್ನ ಬ್ಯಾಟರಿಯ ತಂತಿ ಕಳಚಿ, ಅರ್ಥಿಂಗ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ, ಸಿಲಿಂಡರ್ ರಾಡಿಗೆ ಒದ್ದೆ ಗೋಣಿ ಸುತ್ತಿ. ಕಿವಿಗಳನ್ನು ಅದೇ ಉದ್ದ ಶಾಫ್ಟಿಗೆ ಪೋಣಿಸಿ ನಿಲ್ಲಿಸಿ, ಟ್ಯಾಕ್ ಹಾಕಿ, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಬೆಸೆದು ಬರಬೇಕು. ಪೂರ್ತಿ ಆರುವವರೆಗೆ ಶಾಫ್ಟು ಒಳಗೇ ಇರಲಿ. ವೆಲ್ಡು ಕುಗ್ಗುವಾಗ ಕಿವಿಯನ್ನು ಎಳೆಯದಂತೆ ತಡೆಯುವುದು ಅದೇ.

ಇನ್ನು ಆ ‘ಗಟ್ಟಿ ಮಾಡಿಬಿಡಿ’. ಇದಕ್ಕೇ ನನ್ನ ವಿರೋಧ. 10 ಮಿ.ಮೀ. ಪ್ಲೇಟಿನ ಬದಲು 20 ಹಾಕಿದರೆ ಬಾಗನ್ನು ತಡೆಯುವ ಬಿಗಿ ಎಂಟು ಪಟ್ಟಾಗುತ್ತದೆ, ನಿಜ. ಆದರೆ ಬೊಡ್ಡೆಗೆ ಬಿದ್ದ ಪೆಟ್ಟು ಮಾಯವಾಗುವುದಿಲ್ಲ, ಮುಂದಿನ ದುರ್ಬಲ ಜಾಗ ಹುಡುಕಿಕೊಂಡು ಹೋಗುತ್ತದೆ. ಫ್ಯೂಸಿಗೆ ದಪ್ಪ ತಂತಿ ಸುತ್ತಿ ಮೋಟಾರು ಸುಟ್ಟುಕೊಂಡ ಹಾಗೆ. ಲೋಡರಿನಲ್ಲಿ ಆ ಮುಂದಿನ ಜಾಗ ತೋಳು, ಆಮೇಲೆ ತೋಳನ್ನು ಟ್ರ್ಯಾಕ್ಟರಿಗೆ ಹಿಡಿದ ಬೋಲ್ಟು, ಆಮೇಲೆ ಟ್ರ್ಯಾಕ್ಟರಿನ ಒಡಲು. ನಮ್ಮ ಸಾಮಾನ್ಯ ಟ್ರ್ಯಾಕ್ಟರುಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ. ಎಂಜಿನ್ನು, ಕ್ಲಚ್ ಹೌಸಿಂಗು, ಗೇರ್ ಬಾಕ್ಸು ಇವೇ ಬೆನ್ನೆಲುಬು, ಅದೂ ಎರಕದ ಕಬ್ಬಿಣ. ಎರಕ ಬಾಗುವುದಿಲ್ಲ, ಸೀಳುತ್ತದೆ. ಅದಕ್ಕೇ ಒಳ್ಳೆಯ ಲೋಡರಿಗೆ ಹಿಂದಿನ ಆಕ್ಸಲ್ಲಿನವರೆಗೆ ಹೋಗುವ ಸಬ್‌ಫ್ರೇಮ್ ಇರುತ್ತದೆ. ಕಿವಿ ಬಾಗಿದ ಗಾಡಿಯಲ್ಲಿ ಆ ಬೋಲ್ಟುಗಳನ್ನೂ ಬಿಚ್ಚಿ ನೋಡಬೇಕು. ತಲೆಯ ಮೇಲೆ 8.8 ಅಥವಾ 10.9 ಎಂದು ಏನಿತ್ತೋ ಅದೇ ದರ್ಜೆಯದನ್ನು ಹಾಕಬೇಕು, ಗುಜರಿ ಡಬ್ಬಿಯಿಂದ ಆರಿಸಿದ್ದನ್ನಲ್ಲ.

ಬಲ ಕೊಡಲೇಬೇಕಾದ ಜಾಗ ಒಂದಿದೆ, ಎರಡು ತೋಳುಗಳನ್ನು ಜೋಡಿಸುವ ಅಡ್ಡ ಪೈಪು. ತಿರುಚನ್ನು ತಡೆಯುವುದು ಅದು. 100 ಮಿ.ಮೀ. ವ್ಯಾಸದ, 5 ಮಿ.ಮೀ. ದಪ್ಪದ ಪೈಪನ್ನು ಉದ್ದಕ್ಕೂ ಸೀಳಿಬಿಟ್ಟರೆ ತಿರುಚಿಗೆ ಅದರ ಬಿಗಿ ಸುಮಾರು 300ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಹೋಸ್ ಹಾಯಿಸಲೆಂದು ಆ ಪೈಪಿಗೆ ಉದ್ದನೆಯ ಕಿಟಕಿ ಕೊರೆದ ಮಹಾನುಭಾವರಿದ್ದಾರೆ. ಕಿಟಕಿಯನ್ನು ಮುಚ್ಚಿ ಬೆಸೆಸಿ, ಹೋಸು ಹೊರಗಿನಿಂದ ಹೋಗಲಿ.

ಕೆಲಸ ಮುಗಿಯಿತೆಂದು ಕರೆ ಬಂದಾಗ ಹೊಸ ಬಣ್ಣ ನೋಡಿ ಮರುಳಾಗಬೇಡಿ. ಶಾಫ್ಟು ತೆಗೆಸಿ, ಬಕೆಟ್ಟನ್ನು ತೋಳಿಗೆ ಹೊಂದಿಸಿ, ಪಿನ್ನುಗಳನ್ನು ನಿಮ್ಮ ಕೈಯಲ್ಲೇ ತೂರಿಸಿ. ನಾಲ್ಕೂ ಕೈಯಲ್ಲೇ ಹೋದರೆ ಕೇಳಿದ್ದಕ್ಕಿಂತ ನೂರಿನ್ನೂರು ಹೆಚ್ಚು ಕೊಡಿ. ಒಂದಕ್ಕೆ ಸುತ್ತಿಗೆ ಬೇಕಾಯಿತೆಂದರೆ ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಹೋಗಿ.