ಬೆಂದು ಬಂದ ಸ್ಲೈಡು, ಬರೆಯುವ ಕೈ

ಪಾಠ ಕೇಳುವುದು ನನಗೆ ಕಛೇರಿ ಕೇಳುವಷ್ಟೇ ಹಳೆಯ ಚಟ. ಐಐಟಿಗಳೂ ನಮ್ಮ ಟಾಟಾ ಇನ್‌ಸ್ಟಿಟ್ಯೂಟೂ (ಐಐಎಸ್‌ಸಿ) ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟೆಲ್‌ನ ವೀಡಿಯೊ ಪಾಠಗಳನ್ನು ಪರೀಕ್ಷೆಯ ಹಂಗಿಲ್ಲದೆ ಸವಿದವನು ನಾನು. ಆನ್‌ಲೈನ್ ಕ್ಲಾಸು ಸಪ್ಪೆಯಾದಾಗ ಎಲ್ಲರೂ ನೆಟ್‌ವರ್ಕನ್ನು ಬೈಯುತ್ತಾರೆ. ನನ್ನ ಅನುಮಾನವೆಲ್ಲ ಸ್ಲೈಡಿನ ಮೇಲೆ.

ಸ್ಲೈಡಿನಲ್ಲಿ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದು ಕೂತಿರುತ್ತದೆ. ಮೇಷ್ಟರು ಅದನ್ನು ಓದಿ ಹೇಳುವಷ್ಟರಲ್ಲಿ ಹುಡುಗರು ಕ್ರಿಕೆಟ್ ಸ್ಕೋರಿಗೆ ಹೋಗಿರುತ್ತಾರೆ. ಅದೇ ಮೇಷ್ಟರು ಪೆನ್ನು ಹಿಡಿದು ಸಮೀಕರಣದ ಎಡಭಾಗ ಬರೆದು, ಸಮಚಿಹ್ನೆ ಹಾಕಿ, ಒಂದರೆಗಳಿಗೆ ತಡೆಯಲಿ. ನೋಡುವವರ ತಲೆ ಆ ಕೈಗಿಂತ ಮುಂದೆ ಓಡುತ್ತದೆ. ಸಂಶೋಧಕ ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ, ಎಡ್‌ಎಕ್ಸ್ ಎಂಬ ಆನ್‌ಲೈನ್ ಪಾಠತಾಣದ ವೀಡಿಯೊಗಳನ್ನು ಜನ 69 ಲಕ್ಷ ಸಲ ನೋಡಿದ ದಾಖಲೆಗಳನ್ನು ಜಾಲಾಡಿದರು. ಬರೆಯುತ್ತ ಹೇಳಿದ ಪಾಠಕ್ಕೆ ಸ್ಲೈಡಿಗಿಂತ ಹೆಚ್ಚು ಹೊತ್ತು ಕಣ್ಣು ಅಂಟಿತ್ತು. ವೀಡಿಯೊ ಎಷ್ಟೇ ಉದ್ದವಿರಲಿ, ನೋಡಿದ ಸಮಯದ ಮಧ್ಯಾಂಕ ಮಾತ್ರ ಆರು ನಿಮಿಷ ದಾಟಿರಲಿಲ್ಲ. ಹೀಗೆ ಬರೆದು ತೋರಿಸಲು ದುಬಾರಿ ಟ್ಯಾಬ್ಲೆಟ್ಟೂ ಬೇಡ. ಎರಡು ಅಡುಗೆ ಡಬ್ಬಿ, ಮೇಲೊಂದು ಅಡ್ಡಪಟ್ಟಿ, ಅದರ ಮೇಲೆ ಕ್ಯಾಮೆರಾ ಕೆಳಮುಖ ಮಾಡಿದ ಫೋನು, ಕೆಳಗೆ ಬಿಳಿ ಹಾಳೆ. ಸಾಕು.

ಇನ್ನೊಂದು ರುಚಿಗೇಡು, ‘ಅರ್ಥ ಆಯ್ತಾ?’ ಎಂದು ಕೇಳುವುದು. ಅದಕ್ಕೆ ‘ಹೂಂ ಸರ್’ ಬಿಟ್ಟು ಬೇರೇನು ಬರುತ್ತದೆ? ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟರು ಎರಿಕ್ ಮಜೂರ್ 1991ರಲ್ಲೇ ಇದಕ್ಕೆ ಉಪಾಯ ಹುಡುಕಿದ್ದರು: ಪ್ರಶ್ನೆ ಹಾಕು, ಪ್ರತಿಯೊಬ್ಬರೂ ಒಂದು ಉತ್ತರಕ್ಕೆ ಕಟ್ಟುಬೀಳಲಿ, ಪಕ್ಕದವರೊಡನೆ ವಾದಿಸಲಿ, ಮತ್ತೆ ಉತ್ತರಿಸಲಿ.

ಇದನ್ನೇ ಈಚೆಗೆ ಒಬ್ಬ ಉಪನ್ಯಾಸಕಿ ಆನ್‌ಲೈನಿನಲ್ಲಿ ಮಾಡಿದ್ದನ್ನು ನೋಡಿದೆ. ಮೊದಲ ವರ್ಷದ ಬಿಎಸ್ಸಿ. ‘ಮೇಲಕ್ಕೆಸೆದ ಚೆಂಡು ತುತ್ತತುದಿ ಮುಟ್ಟಿದ ಕ್ಷಣ ಅದರ ವೇಗೋತ್ಕರ್ಷ ಎಷ್ಟು? ಟೈಪ್ ಮಾಡಿ, ಕಳಿಸಬೇಡಿ.’ ಮೂರು ಎಣಿಸಿ ‘ಈಗ ಕಳಿಸಿ’ ಎಂದರು. ಚಾಟ್‌ ತುಂಬ ಸೊನ್ನೆಗಳ ಮಳೆ. ನಡುನಡುವೆ ಅಳುಕುತ್ತ ಬಂದ 9.8. ಒಬ್ಬರನ್ನೊಬ್ಬರು ನಕಲು ಹೊಡೆಯಲು ಪುರುಸೊತ್ತೇ ಇರಲಿಲ್ಲ. ಯಾವುದು ಸರಿಯೆಂದು ಆಕೆ ಹೇಳಲಿಲ್ಲ. ಇಬ್ಬಿಬ್ಬರನ್ನು ಬೇರೆ ಬೇರೆ ರೂಮಿಗೆ ಕಳಿಸಿ, ತಾವು ನೀರು ಕುಡಿದರು.

ಎರಡು ನಿಮಿಷ ಕಳೆದು ಎಲ್ಲರೂ ಮರಳಿದಾಗ, ಅದುವರೆಗೆ ಮ್ಯೂಟಿನಲ್ಲೇ ಇದ್ದ ಹುಡುಗನೊಬ್ಬನ ದನಿ ಕೇಳಿತು: ‘ಮೇಡಂ, ಸೊನ್ನೆ ಆದ್ರೆ ಚೆಂಡು ಮೇಲೇ ನಿಂತ್ಬಿಡ್ಬೇಕಲ್ವಾ?’