2.2ರ ಗಂಡುನಾಯಿ

ನಮ್ಮಲ್ಲಿ ಗೋಲ್ಡನ್ ರಿಟ್ರೀವರ್ ಮರಿ 45 ದಿನಕ್ಕೇ ಕೈ ಬದಲಾಯಿಸುತ್ತದೆ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ‘ಹಾರ್ಟ್ ಸರಿಯಿದೆ’ ಎಂದರೆ ಕೊಂಡವರಿಗೆ ಸಮಾಧಾನ. ಮಹಾಪಧಮನಿಯ ಕವಾಟದ ಕೆಳಗೆ ನಾರಿನ ಏಣು ಬೆಳೆದು ರಕ್ತದ ದಾರಿ ಇಕ್ಕಟ್ಟಾಗುವ ಕಾಯಿಲೆಯ ಮಟ್ಟಿಗೆ ಆ ಮಾತನ್ನು ಅರ್ಧ ಮಾತ್ರ ನಂಬಬೇಕು. ಏಣು ಹುಟ್ಟಿದ ಮೇಲೆ ಮೂಡಿ, ವರ್ಷ ತುಂಬುವವರೆಗೂ ಬಲಿಯಬಹುದು. ವಂಶಕ್ಕೆ ಬಿಡುವ ನಾಯಿಯನ್ನು ವರ್ಷ ತುಂಬಿದ ಮೇಲೆ ನೋಡಬೇಕೆನ್ನುವುದು ಇದಕ್ಕೇ.

ನೋಡುವುದಾದರೂ ಹೇಗೆ? ನಾಯಿಯನ್ನು ಬಲಕ್ಕೆ, ಆಮೇಲೆ ಎಡಕ್ಕೆ ಮಲಗಿಸಿ, ಮೇಜಿನ ತೂತಿನೊಳಗಿಂದ ಎದೆಗೆ ಎಕೋ ಹಿಡಿಯುತ್ತಾರೆ. ಕೊನೆಗೆ ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಕಡೆಯಿಂದ ಒತ್ತುತ್ತಾರೆ. ರಕ್ತ ಹರಿಯುವ ವೇಗ ಹೆಚ್ಚಾಗಿ ಸರಿಯಾಗಿ ಸಿಗುವುದು ಅಲ್ಲೇ. ಆ ಕೋನ ಬಿಟ್ಟರೆ ಕಾಯಿಲೆ ಹಗುರವಾಗಿ ಕಾಣುತ್ತದೆ. ಸೆಕೆಂಡಿಗೆ 5 ಮೀಟರ್ ವೇಗವಿದ್ದರೆ ಒತ್ತಡದ ಅಂತರ 100 ಮಿ.ಮೀ. ಪಾದರಸ, ಇದು ತೀವ್ರ, ಯಾರಿಗೂ ಅನುಮಾನವಿಲ್ಲ. ಜಗಳವೆಲ್ಲ 2ರ ಆಸುಪಾಸಿನಲ್ಲಿ. ಬಾಕ್ಸರ್ ತಳಿಯಲ್ಲಿ ದಾರಿಯೇ ಸ್ವಲ್ಪ ಕಿರಿದು. ಗಾಬರಿಗೊಂಡ ನಾಯಿಯ ವೇಗವೂ ಏರುತ್ತದೆ. ಒಂದೇ ಅಂಕಿಯನ್ನು ತೀರ್ಪಿನಂತೆ ಓದುವ ವರದಿ ನನಗೆ ಹಿಡಿಸದು.

ಚಿಕಿತ್ಸೆಯ ಇತಿಹಾಸ ಉತ್ಸಾಹ ಕೊಡುವಂಥದ್ದಲ್ಲ. ಎದೆ ತೆರೆದು ಏಣು ಕತ್ತರಿಸಿದರು, ಒತ್ತಡ ಇಳಿಯಿತು, ಆಯುಸ್ಸು ಮಾತ್ರ ಅಷ್ಟಾಗಿ ಉದ್ದವಾಗಲಿಲ್ಲ. 2005ರಲ್ಲಿ ಬಲೂನ್ ಹಿಗ್ಗಿಸಿದ ನಾಯಿಗಳನ್ನು ಅಟೆನಲಾಲ್ ಮಾತ್ರೆಯವುಗಳ ಜೊತೆ ಹೋಲಿಸಿದಾಗ ಬದುಕಿದ ಅವಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಮಾತ್ರೆಯೂ ಆಯುಸ್ಸು ಹೆಚ್ಚಿಸುತ್ತದೆಂಬ ಗಟ್ಟಿ ಪುರಾವೆ ಇಲ್ಲ. ಆದರೂ ಬರೆದುಕೊಡುತ್ತೇವೆ, ಆಟದ ಮಧ್ಯೆ ಧೊಪ್ಪನೆ ಬೀಳುವ ನಾಯಿಯ ಯಜಮಾನರ ಎದುರು ಬರಿಗೈಯಲ್ಲಿ ಕೂರುವುದು ಕಷ್ಟ. ಓಡಾಟಕ್ಕೆ ಕಡಿವಾಣ ಹಾಕುವುದು, ಕವಾಟಕ್ಕೆ ಸೋಂಕು ತಗಲದಂತೆ ನೋಡಿಕೊಳ್ಳುವುದು ಮಾತ್ರೆಗಿಂತ ಕಡಿಮೆ ಮುಖ್ಯವಲ್ಲ.

1970ರ ದಶಕದಲ್ಲೇ ನ್ಯೂಫೌಂಡ್‌ಲ್ಯಾಂಡ್ ನಾಯಿಗಳಲ್ಲಿ ಈ ಕಾಯಿಲೆ ಆನುವಂಶಿಕವೆಂದು ತೋರಿಸಿದ್ದರು. 2014ರಲ್ಲಿ ಅದೇ ತಳಿಯಲ್ಲಿ ಪಿಕಾಲ್ಮ್ (PICALM) ಎಂಬ ಜೀನಿನ ಬದಲಾವಣೆ ಸಿಕ್ಕಿತು. ಅದನ್ನೇ ನಂಬಿ ಗೋಲ್ಡನ್‌ಗೋ ರಾಟ್‌ವೈಲರ್‌ಗೋ ‘ಕ್ಲಿಯರ್’ ಎನ್ನಲಾಗದು.

ತೀವ್ರ ಕಾಯಿಲೆಯ ನಾಯಿ ಎಷ್ಟೋ ಸಲ ಮೂರು ವರ್ಷದೊಳಗೆ ಸಾಯುತ್ತದೆ, ತಳಿ ಹರಡುವಷ್ಟು ಬದುಕುವುದೇ ಅಪರೂಪ. ವರದಿಯಲ್ಲಿ ವೇಗ 2.2 ಎಂದು ಬರೆಸಿಕೊಂಡ ಗಂಡು ಹಾಗಲ್ಲ. ಮೈಕಟ್ಟು ಚೆಂದ, ಕೂದಲು ಮಿರಮಿರ, ಓಡಿದರೂ ಏದುಸಿರಿಲ್ಲ, ಪ್ರದರ್ಶನದಲ್ಲಿ ಬಹುಮಾನ. ಕ್ರಾಸಿಂಗ್‌ಗೆ ಜನ ಹುಡುಕಿಕೊಂಡು ಬರುವುದು ಇವನ ಬಾಗಿಲಿಗೇ.