ಎಡ ಹಿಮ್ಮಡಿ ಮೇಲೇಳಲಿ ಬಿಡಿ

ಮಳೆಗಾಲದ ಬಂಕರಿನ ಒದ್ದೆ ಮರಳಲ್ಲಿ ವೆಜ್ ಇಳಿಸುವುದು ಹೇಗೆ ಎಂದು ಈ ವಾರ ಬರೆಯುವುದಾಗಿ ಹೇಳಿದ್ದೆ. ಮರಳು ಎಲ್ಲಿಗೂ ಹೋಗುವುದಿಲ್ಲ. ಈ ಸಲದ ಮಳೆ ನೋಡಿದರೆ ಸದ್ಯಕ್ಕೆ ಒಣಗುವ ಲಕ್ಷಣವೂ ಇಲ್ಲ. ಅಷ್ಟರಲ್ಲಿ ಫೋನಿಗೆ ಒಂದು ಜಾಹೀರಾತು ಬಂದು ಬಿತ್ತು. ‘ಗಾಲ್ಫ್ ಯೋಗ: ಆರು ವಾರದಲ್ಲಿ ಡ್ರೈವ್ ಇಪ್ಪತ್ತು ಗಜ ಉದ್ದ!’ ಚಿತ್ರದಲ್ಲಿ ಒಬ್ಬ ತರುಣ ವೀರಭದ್ರಾಸನದಲ್ಲಿ ನಿಂತು ತಲೆಯ ಮೇಲೆ ಡ್ರೈವರ್ ಎತ್ತಿ ಹಿಡಿದಿದ್ದಾನೆ. ಕಳಿಸಿದವಳು ನಾದಿನಿ. ಕೆಳಗೊಂದು ಸಾಲು ಬೇರೆ: ‘ವೈನಿ, ನಿಮ್ಮ ಎರಡೂ ಹುಚ್ಚು ಒಂದೇ ಕಡೆ ಸಿಕ್ಕವು ನೋಡ್ರಿ.’

ಎರಡೂ ಹುಚ್ಚು ನಿಜ. ಒಂದೇ ಕಡೆ ಅನ್ನುವುದಕ್ಕೆ ಮಾತ್ರ ನನ್ನ ತಕರಾರು.

ನಾಸಿಕ್‌ನಲ್ಲಿ ಆಟೋದವನಿಗೆ ‘ಗೋಲ್ಫ್ ಕ್ಲಬ್’ ಎಂದರೆ ಕ್ರಿಕೆಟ್ ಮೈದಾನಕ್ಕೆ ಕರೆದೊಯ್ದು ಇಳಿಸುತ್ತಾನೆ. ಅದರ ಅಧಿಕೃತ ಹೆಸರು ಹುತಾತ್ಮ ಅನಂತ ಕಾನ್ಹೇರೆ ಮೈದಾನ. 1909ರ ಡಿಸೆಂಬರಿನಲ್ಲಿ ಇದೇ ಊರಿನ ನಾಟಕ ಮಂದಿರದಲ್ಲಿ ಕಲೆಕ್ಟರ್ ಜಾಕ್ಸನ್‌ನನ್ನು ಗುಂಡಿಟ್ಟು ಕೊಂದ ಹುಡುಗನ ಹೆಸರದು. ಈಗ ಅಲ್ಲಿ ರಣಜಿ ಪಂದ್ಯಗಳು ನಡೆಯುತ್ತವೆ. ಬ್ರಿಟಿಷರ ಗಾಲ್ಫ್ ಹೋಯಿತು, ಹೆಸರು ಜನರ ಬಾಯಲ್ಲಿ ಉಳಿಯಿತು. ಬೆಳಿಗ್ಗೆ ಟ್ರ್ಯಾಕಿನಲ್ಲಿ ವಾಕಿಂಗ್ ಮುಗಿಸಿದವರು ಬದಿಯಲ್ಲಿ ಮೂಗು ಹಿಡಿದು ಪ್ರಾಣಾಯಾಮಕ್ಕೆ ಕೂತಿರುತ್ತಾರೆ. ಗಾಲ್ಫ್ ಮತ್ತು ಯೋಗ ಒಂದೇ ಜಾಗ ಹಂಚಿಕೊಂಡದ್ದಕ್ಕೆ ನನಗೆ ಗೊತ್ತಿರುವ ಉತ್ತಮ ಉದಾಹರಣೆ ಇದೇ: ಒಂದು ಎದ್ದು ಹೋದ ಮೇಲೆ ಇನ್ನೊಂದು ಬಂದು ಕೂತಿದೆ.

ಇಪ್ಪತ್ತು ಗಜದ ಆಸೆ ಎಲ್ಲಿಂದ ಹುಟ್ಟಿತೆಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಇದು ನನ್ನ ಹಳೇ ಜಗಳ. 1992ರಲ್ಲಿ ಅಮೆರಿಕದ ಕೋಚ್ ಜಿಮ್ ಮೆಕ್‌ಲೀನ್ ‘ಎಕ್ಸ್-ಫ್ಯಾಕ್ಟರ್’ ಎಂದು ಬರೆದದ್ದೇ ಬರೆದದ್ದು, ಊರೂರಿನ ರೇಂಜುಗಳಲ್ಲಿ ಸೊಂಟ ಕಟ್ಟಿ ಭುಜ ತಿರುಚುವ ಹಾವಳಿ ಶುರುವಾಯಿತು. ಬ್ಯಾಕ್‌ಸ್ವಿಂಗಿನಲ್ಲಿ ಭುಜ ಎಷ್ಟು ತಿರುಗಿತು, ಸೊಂಟ ಎಷ್ಟು ಕಡಿಮೆ ತಿರುಗಿತು, ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಚೆಂಡು ದೂರ ಎಂಬ ಲೆಕ್ಕ. ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇದೆ. ಬೆನ್ನುಮೂಳೆಯನ್ನು ಯಾರೂ ಕೇಳಲಿಲ್ಲ, ಅಷ್ಟೆ. ಕೆಳಬೆನ್ನಿನ ಐದು ಕಶೇರುಗಳ ಕೀಲುಗಳು ಮುಂದಕ್ಕೆ ಹಿಂದಕ್ಕೆ ಬಾಗಲೆಂದು ರೂಪುಗೊಂಡಿವೆ. ತಿರುಗು ಎಂದರೆ ಒಂದೊಂದೂ ಒಂದೆರಡು ಡಿಗ್ರಿ ಕೊಟ್ಟು ಕೈ ಚೆಲ್ಲುತ್ತದೆ. ತಿರುಗುವ ಕೆಲಸವನ್ನು ನಿಜವಾಗಿ ಮಾಡುವುದು ಪಕ್ಕೆಲುಬು ಹೊತ್ತ ಮೇಲಿನ ಹನ್ನೆರಡು ಕಶೇರು, ಮತ್ತೆ ಕೆಳಗೆ ತೊಡೆ ಕೂಡುವ ಎರಡು ದೊಡ್ಡ ಕೀಲುಗಳು. ಆ ಕೆಳಗಿನ ಕೀಲನ್ನು ಹಿಡಿದು ನಿಲ್ಲಿಸಿ ಮೇಲಿನಿಂದ ತಿರುಚಿದರೆ ಹಿಂಡಿಸಿಕೊಳ್ಳುವುದು ನಡುವಿನ ಆ ಬಡಪಾಯಿ ಐದು.

ಪರಿಹಾರ ಹಳಬರಿಗೆ ಗೊತ್ತಿತ್ತು. ಬ್ಯಾಕ್‌ಸ್ವಿಂಗಿನಲ್ಲಿ ಎಡ ಹಿಮ್ಮಡಿ ನೆಲ ಬಿಟ್ಟು ಏಳಲಿ, ಸೊಂಟ ತಾನಾಗಿ ತಿರುಗಲಿ. 1930ರಲ್ಲಿ ನಾಲ್ಕೂ ದೊಡ್ಡ ಪ್ರಶಸ್ತಿ ಗೆದ್ದ ಬಾಬಿ ಜೋನ್ಸ್ ಹಾಗೆ ಆಡಿದರು. ಜಾಕ್ ನಿಕ್ಲಾಸ್ ಹಾಗೆಯೇ ಆಡಿ 18 ಮೇಜರ್ ಗೆದ್ದರು. ಕೊನೆಯದು 1986ರಲ್ಲಿ, 46ರ ವಯಸ್ಸಿನಲ್ಲಿ. ಹಿಮ್ಮಡಿಯನ್ನು ನೆಲಕ್ಕೆ ಮೊಳೆ ಹೊಡೆದವರ ಪೈಕಿ ಎಷ್ಟು ಮಂದಿ ಆ ವಯಸ್ಸಿಗೆ ಬೆಲ್ಟ್ ಕಟ್ಟಿಕೊಳ್ಳದೆ ಕಾರಿನಿಂದ ಇಳಿಯುತ್ತಾರೆ ಎಂದು ನಿಮ್ಮ ಕ್ಲಬ್ಬಿನ ಪಾರ್ಕಿಂಗಿನಲ್ಲಿ ನಿಂತು ನೋಡಿ.

ಈಗ ಗಾಲ್ಫ್ ಯೋಗದವರು ಮಾಡುತ್ತಿರುವುದು ಅದೇ ತಪ್ಪನ್ನು ಚಾಪೆಯ ಮೇಲೆ. ಕೂತು ತಿರುಗುವ ಆಸನಗಳಲ್ಲಿ ಪೃಷ್ಠವನ್ನು ಬಂಡೆಯಂತೆ ಒತ್ತಿ ಕೂರಿಸಿ, ಮೇಲಿನಿಂದ ಎಳೆಯುತ್ತಾರೆ. ಅದಕ್ಕಿಂತ ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಬಲಗೈ ಆಟಗಾರನ ದೇಹ ವರ್ಷಗಟ್ಟಲೆ ಒಂದೇ ದಿಕ್ಕಿಗೆ ಬೀಸಿರುತ್ತದೆ. ‘ಸ್ವಿಂಗಿಗೆ ಪೂರಕ’ ಎಂದು ಅದೇ ದಿಕ್ಕಿನ ತಿರುವನ್ನೇ ಯೋಗದ ಹೆಸರಲ್ಲೂ ಮಾಡಿಸುವುದಾದರೆ ಯೋಗ ಯಾತಕ್ಕೆ? ಇನ್ನೊಂದು ಬಕೆಟ್ ಚೆಂಡು ಹೊಡೆಯಬಹುದಲ್ಲ! ಗಾಲ್ಫ್ ಒಂದು ಮಗ್ಗುಲಿನ ಆಟ. ಯೋಗ ಎರಡೂ ಮಗ್ಗುಲನ್ನು ಕೇಳುತ್ತದೆ. ಬಲಕ್ಕೆ ಎಷ್ಟು ಹೊತ್ತೋ ಎಡಕ್ಕೂ ಅಷ್ಟೇ ಹೊತ್ತು. ಇವೆರಡನ್ನು ಒಂದು ಮನೆಯೊಳಗೆ ಇಟ್ಟುಕೊಳ್ಳಬೇಕಾದ್ದು ಈ ಕಾರಣಕ್ಕೆ ಮಾತ್ರ. ಗಜದ ಮಾತು ಗಜದವರಿಗಿರಲಿ.

ಮನೆ ಎಂದೆನಲ್ಲ, ನಮ್ಮದು ಗಾಲ್ಫಿನ ಮನೆ. ಮಾವನವರು ಸೈನ್ಯದಿಂದ ನಿವೃತ್ತರಾಗಿ ದೇವಳಾಲಿಯ ದಂಡಿನ ಕೋರ್ಸಿನಲ್ಲಿ ಇವತ್ತಿಗೂ ಬೆಳಗಿನ ಮೊದಲ ಟೀ ಹಿಡಿಯುವವರು. ಯಜಮಾನರದು ವಾರಾಂತ್ಯದ ಆಟ. ಮಗಳು ಜೂನಿಯರ್ ಟೂರ್ನಿಗಳ ವಯಸ್ಸು, ಮಗ ಪಟರ್ ಹಿಡಿದು ಹಾಲಿನ ಜಮಖಾನೆ ಸವೆಸುವ ವಯಸ್ಸು. ಇಂಥ ಮನೆಯಲ್ಲಿ ಇಡ್ಲಿಗೆ ರುಬ್ಬುವ ಹೊತ್ತನ್ನೂ ಟೀ ಟೈಮೇ ನಿರ್ಧರಿಸುತ್ತದೆ. ಮದುವೆಗೆ ಮುಂಚೆ ನನ್ನ ಹ್ಯಾಂಡಿಕ್ಯಾಪ್ ಒಂದಂಕಿಯಲ್ಲಿತ್ತು. ಈಗಿನದರ ಪ್ರಸ್ತಾಪ ಬೇಡ. ಈಗ ನನ್ನ ಪಾಲಿನ ಗಾಲ್ಫ್ ಎಂದರೆ ಬ್ಯಾಗ್ ಹೊರುವುದು, ನೀರಿನ ಬಾಟಲಿ, ಒಣ ಗ್ಲೋವ್ ಕೊಡುವುದು, ರೇಂಜಿನ ಬದಿಯ ಕುರ್ಚಿಯಲ್ಲಿ ಕಾಯುವುದು.

ಇಂಥ ತಾಯಂದಿರಿಗೆ ನಮ್ಮ ಕಡೆಯ ದೊಡ್ಡ ಹೆಸರು ಮಹೇಶ್ವರಿ ಅಶೋಕ್. ಬೆಂಗಳೂರಿನ ಅದಿತಿ ಅಶೋಕ್ ಐದರ ವಯಸ್ಸಿಗೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳದಲ್ಲಿ ಕ್ಲಬ್ ಹಿಡಿದವಳು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಅವಳ ಬ್ಯಾಗ್ ಹೊತ್ತವರು ಅಪ್ಪ. ಟೋಕಿಯೋದಲ್ಲಿ ಅಮ್ಮ. 2021ರ ಆಗಸ್ಟ್, ಕಸುಮಿಗಸೆಕಿ ಕೋರ್ಸ್, ನಾಲ್ಕು ದಿನ, 72 ಹೋಲ್. ವಿಶ್ವ ಶ್ರೇಯಾಂಕದಲ್ಲಿ 200ರಲ್ಲಿದ್ದ ಹುಡುಗಿ ಕೊನೆಯ ಗ್ರೀನ್‌ವರೆಗೂ ಪದಕದ ಬಾಗಿಲಲ್ಲೇ ನಿಂತಿದ್ದು, ಒಂದೇ ಹೊಡೆತದಲ್ಲಿ ತಪ್ಪಿ ನಾಲ್ಕನೆಯವಳಾದಳು. ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರೂ ತಿಂಡಿ ತಿನ್ನಲಿಲ್ಲ. ಎಲ್ಲರೂ ಅದಿತಿಯ ಪಟ್ ನೋಡುತ್ತಿದ್ದರೆ ನಾನು ನೋಡುತ್ತಿದ್ದದ್ದು ಆ ತಾಯಿಯ ಹೆಗಲನ್ನು. ಮೊದಲ ದಿನವೇ ಅಮೆರಿಕದ ಆಟಗಾರ್ತಿಯೊಬ್ಬರ ಕ್ಯಾಡಿ ಬಿಸಿಲಿಗೆ ಸೋತು ಹೊರನಡೆಯಬೇಕಾಗಿ ಬಂದಿತ್ತು. ಈ ತಾಯಿ ನಾಲ್ಕೂ ದಿನ ನಡೆದರು. ಮಗಳ ಸ್ವಿಂಗಿನ ಬಗ್ಗೆ ಪುಟಗಟ್ಟಲೆ ಬಂತು. ಅಮ್ಮನ ಬೆನ್ನು ಹೇಗಿದೆ ಎಂದು ಕೇಳಿದ ವರದಿ ನನ್ನ ಕಣ್ಣಿಗೆ ಬೀಳಲಿಲ್ಲ.

ಅಲ್ಲಿಗೆ, ಗಾಲ್ಫಿನ ಮನೆಯಲ್ಲಿ ಯೋಗ ಮೊದಲು ಬೇಕಾದ್ದು ಆಡುವವರಿಗಲ್ಲ, ಹೊರುವವರಿಗೆ.

ಧ್ಯಾನದ ದಾರಿಯೂ ಇದೆ, ಇಲ್ಲವೆನ್ನುವುದಿಲ್ಲ. ಸೇನಾ ವೈದ್ಯರ ಮಗನಾಗಿ ಅಪ್ಪನಿಂದಲೇ ಆಟ ಕಲಿತು, ಬೆಂಗಳೂರಿನಲ್ಲಿ ವಿಜಯ್ ದಿವೇಚಾ ಅವರ ಗರಡಿಯಲ್ಲಿ ಪಳಗಿದ ಅನಿರ್ಬನ್ ಲಾಹಿರಿ ವಿಪಶ್ಯನ ಸಾಧಕರು. 2015ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಐದನೇ ಸ್ಥಾನ ಹಂಚಿಕೊಂಡಾಗ ಅವರ ಮುಖದ ಶಾಂತಿ ನೋಡಿದವರಿಗೆ ಅದು ಗೊತ್ತಾಗುತ್ತಿತ್ತು. ಗೋಯೆಂಕಾ ಗುರೂಜಿಯವರ ಧಮ್ಮಗಿರಿ ನಮ್ಮ ಜಿಲ್ಲೆಯ ಇಗತಪುರಿಯಲ್ಲೇ ಇದೆ. ಹತ್ತು ದಿನದ ಮೌನ. ನನಗೆ ಆಸೆಯೇನೋ ಇದೆ. ಶಾಲೆಗೆ ಹೋಗುವ ಎರಡು ಮಕ್ಕಳಿರುವ ಮನೆಯಲ್ಲಿ ಹತ್ತು ದಿನದ ರಜೆ ಮಂಜೂರು ಮಾಡುವ ಅಧಿಕಾರಿ ಯಾರೆಂದು ಹುಡುಕುತ್ತಿದ್ದೇನೆ. ಮೈಕೆಲ್ ಮರ್ಫಿ 1972ರಲ್ಲಿ ಬರೆದ ‘ಗಾಲ್ಫ್ ಇನ್ ದ ಕಿಂಗ್‌ಡಮ್’ ಕಾದಂಬರಿಯೂ ಇಂಥದ್ದೇ. ಮರ್ಫಿ ಪುದುಚೇರಿಯ ಅರವಿಂದಾಶ್ರಮದಲ್ಲಿ ಇದ್ದು ಬಂದವರು. ಅವರ ಶಿವಾಸ್ ಐರನ್ಸ್ ಎಂಬ ಸ್ಕಾಟ್ಲೆಂಡಿನ ಗಾಲ್ಫ್ ಗುರು ನಡುರಾತ್ರಿಯ ಕತ್ತಲಲ್ಲಿ ಚೆಂಡು ಹೊಡೆಯುತ್ತಾನೆ, ಬ್ರಹ್ಮಾಂಡದ ಮಾತಾಡುತ್ತಾನೆ. ಚಂದದ ಪುಸ್ತಕ. ಬೆಳಿಗ್ಗೆ ಮಕ್ಕಳ ಡಬ್ಬಿ ಕಟ್ಟಬೇಕಾದವನು ನಡುರಾತ್ರಿ ಆಡುವುದಿಲ್ಲ ಎಂಬುದೊಂದು ಬಿಟ್ಟರೆ.

ನನ್ನ ಪುಸ್ತಕ ಬೇರೆ. ಕೋಲಾರದ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಕೈಯಲ್ಲಿ ಕಲಿತು, 1937ರಲ್ಲಿ ಪುಣೆಗೆ ಬಂದು ನಿಂತ ಬಿ.ಕೆ.ಎಸ್. ಅಯ್ಯಂಗಾರರ ‘ಲೈಟ್ ಆನ್ ಯೋಗ’. 1966ರದು. ಮಹಾರಾಷ್ಟ್ರದ ಮಣ್ಣಿನಲ್ಲಿ ಕನ್ನಡ ನಾಡಿನವರೊಬ್ಬರು ಕಟ್ಟಿದ್ದು ಎಂಬ ಅಭಿಮಾನ ನನಗೆ ಸ್ವಲ್ಪ ಹೆಚ್ಚೇ ಇದೆ, ಇರಲಿ. ಆರುನೂರರಷ್ಟು ಚಿತ್ರಗಳಿರುವ ಆ ಪುಸ್ತಕದಲ್ಲಿ ಜನ ತೆರೆದು ನೋಡುವುದು ಹಿಂದಿನ ಪುಟಗಳನ್ನು, ಕಾಲು ಕತ್ತಿನ ಹಿಂದೆ ಹೋಗಿರುವ ಫೋಟೋಗಳನ್ನು. ಗಾಲ್ಫ್ ಆಡುವವರು ಓದಬೇಕಾದ್ದು ಮೊದಲ ಆಸನ. ತಾಡಾಸನ. ಸುಮ್ಮನೆ ನಿಲ್ಲುವುದು. ಅಲ್ಲಿ ಅವರು ಹೇಳುವುದರ ಸಾರ ಇಷ್ಟು: ನಾವು ಹೇಗೆ ನಿಲ್ಲುತ್ತೇವೆ ಎಂದು ನಮಗೇ ಗಮನವಿರುವುದಿಲ್ಲ. ಕೆಲವರು ಭಾರವನ್ನೆಲ್ಲ ಒಂದೇ ಕಾಲಿಗೆ ಹಾಕುತ್ತಾರೆ, ಕೆಲವರು ಪಾದವನ್ನು ಹೊರಕ್ಕೆ ತಿರುಗಿಸಿ ನಿಲ್ಲುತ್ತಾರೆ, ಕೆಲವರು ಹಿಮ್ಮಡಿಗೋ ಪಾದದ ಒಳ ಹೊರ ಅಂಚಿಗೋ ಒರಗುತ್ತಾರೆ. ನಂಬಿಕೆಯಿಲ್ಲದಿದ್ದರೆ ಚಪ್ಪಲಿಯ ಅಟ್ಟೆ ಎಲ್ಲಿ ಸವೆದಿದೆ ನೋಡಿಕೊಳ್ಳಿ. ಹೀಗೆ ನಿಂತವರ ಸೊಂಟ ಸಡಿಲವಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಬೆನ್ನು ನೋಯುತ್ತದೆ.

ಇದನ್ನು ಓದಿದವಳೇ ಮನೆಯ ಶೂ ಸ್ಟ್ಯಾಂಡ್ ಮುಂದೆ ಕೂತೆ. ಮಾವನವರ ಬಲ ಶೂವಿನ ಮೂತಿ ಸವೆದು ಬೆಳ್ಳಗಾಗಿದೆ: ಪ್ರತಿ ಹೊಡೆತದ ಕೊನೆಗೆ ಬಲಗಾಲು ಬೆರಳ ತುದಿಗೆ ಬಂದು ನಿಲ್ಲುವ, ಪೂರ್ತಿ ತಿರುಗುವ ಹಳೇ ಕಾಲದ ಸ್ವಿಂಗ್. ಯಜಮಾನರ ಎಡ ಶೂವಿನ ಹೊರ ಅಂಚು ಚಪ್ಪಟೆ: ಭಾರವೆಲ್ಲ ಅಲ್ಲಿಗೆ ಹೊರಳಿ ಮೊಣಕಾಲು ಏಟು ತಿನ್ನುತ್ತಿದೆ. ಎಕ್ಸ್-ಫ್ಯಾಕ್ಟರ್ ಪಂಥದವರು, ಹೇಳಿ ಪ್ರಯೋಜನವಿಲ್ಲ. ಮಗಳ ಶೂ ಎಲ್ಲೂ ಸವೆದಿಲ್ಲ; ಸವೆಯುವ ಮೊದಲೇ ಚಿಕ್ಕದಾಗುತ್ತದೆ. ನನ್ನದು ಬಲ ಹಿಮ್ಮಡಿ ಮಾತ್ರ. ಬ್ಯಾಗನ್ನು ಯಾವಾಗಲೂ ಬಲ ಹೆಗಲಿಗೇ ಏರಿಸುವ ಚಾಳಿ.

ನಿಲ್ಲುವುದನ್ನು ನೋಡಿ ಕಲಿಯಬೇಕೆಂದರೆ ಛತ್ರಪತಿ ಸಂಭಾಜಿನಗರಕ್ಕೆ ಹೋದಾಗ ಎಲ್ಲೋರದಲ್ಲಿ ಕೈಲಾಸನಾಥನನ್ನು ಬೇಗ ಮುಗಿಸಿ. ಅದು ರಾಷ್ಟ್ರಕೂಟ ಕೃಷ್ಣನ ಕಾಲದ್ದು, ನಮ್ಮವರದೇ, ಒಪ್ಪಿದೆ. ಆದರೆ ಬಸ್ಸಿನವರು ಅವಸರ ಮಾಡಿದರೂ ಬಿಡದೆ ಜೈನ ಗುಹೆಗಳವರೆಗೆ ನಡೆಯಿರಿ. 32ನೆಯದು, ಇಂದ್ರಸಭೆ. ಅಲ್ಲಿ ಬಾಹುಬಲಿ ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ, ಬಳ್ಳಿ ಮೈಗೆ ಹಬ್ಬಿದೆ. ಶ್ರವಣಬೆಳಗೊಳದ 981ರ ಗೊಮ್ಮಟನಿಗಿಂತ ಹಿರಿಯ, ಬಾದಾಮಿಯ ನಾಲ್ಕನೇ ಗುಹೆಯವನಿಗಿಂತ ಕಿರಿಯ. ಪಾದಗಳನ್ನು ನೋಡಿ, ಎರಡಕ್ಕೂ ಸಮಭಾರ. ಆಮೇಲೆ ತೋಳು ನೋಡಿ. ಮೈಗೆ ಅಂಟಿಲ್ಲ, ಮೈಯಿಂದ ಸೆಟೆದೂ ಇಲ್ಲ. ಹೆಗಲಿನಿಂದ ತಮ್ಮ ಭಾರಕ್ಕೆ ತಾವೇ ಇಳಿಬಿದ್ದಿವೆ. ಚೆಂಡಿನ ಮುಂದೆ ನಿಂತಾಗ ತೋಳು ಹಾಗೆ ಇಳಿಬೀಳಲಿ ಎಂದು ಕೋಚುಗಳು ಗಂಟಲು ಹರಿದುಕೊಳ್ಳುತ್ತಾರೆ, ನಾವು ಹಗ್ಗ ಜಗ್ಗುವವರಂತೆ ಕ್ಲಬ್ ಹಿಡಿದು ಮೊಣಕೈ ಬಿಗಿದಿರುತ್ತೇವೆ. ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಗಡಿಯನ್ನು ಗೋದಾವರಿಗೆ ಇಟ್ಟದ್ದನ್ನು ನಾಸಿಕ್‌ನ ನಾವು ಊಟದ ಹೊತ್ತಿಗೆಲ್ಲ ನೆನೆಸಿಕೊಳ್ಳುತ್ತೇವೆ. ಆ ಕಾಲದವರು ಈ ಕಡೆ ಬಿಟ್ಟುಹೋದ ನಿಲುವಿನ ಪಾಠವನ್ನು ಮಾತ್ರ ಪುಕ್ಕಟೆ ಇದ್ದರೂ ತೆಗೆದುಕೊಂಡಿಲ್ಲ.

ಪುರುಸೊತ್ತಿಲ್ಲದ ಅಪ್ಪ ಅಮ್ಮಂದಿರಿಗೆ ನನ್ನ ಪಾಠ ಇಷ್ಟೆ. ಮಗು ಒಂದು ಬಕೆಟ್ ಹೊಡೆದು ಮುಗಿಸುವಷ್ಟು ಹೊತ್ತು ಸಾಕು. ರೇಂಜಿನ ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಡ್ಡಲಾಗಿ ಕೂರಿ, ಬಲ ಮಗ್ಗುಲು ಬೆನ್ನೊರಗಿನ ಕಡೆ. ಎರಡೂ ಕೈಯಿಂದ ಒರಗು ಹಿಡಿದು, ಉಸಿರು ಬಿಡುತ್ತ ತಿರುಗಿ. ಅಯ್ಯಂಗಾರ್ ಪಂಥದ ಕುರ್ಚಿ ಭರದ್ವಾಜಾಸನ. ಸೊಂಟವೂ ಒಂದಿಷ್ಟು ಜೊತೆಗೆ ಬಂದರೆ ಬರಲಿ, ಗದರಬೇಡಿ. ಆಮೇಲೆ ಈಚೆ ತಿರುಗಿ ಕೂತು ಎಡಕ್ಕೆ, ಅಷ್ಟೇ ಹೊತ್ತು. ಬ್ಯಾಗ್ ಹೊತ್ತವರು ಅದೇ ಒರಗಿನ ಮೇಲೆ ಕೈಯಿಟ್ಟು ಹಿಂದೆ ಸರಿದು, ಬೆನ್ನು ನೆಲಕ್ಕೆ ಸಮನಾಗುವಂತೆ ಬಾಗಿ. ಕುರ್ಚಿಯನ್ನು ಗೋಡೆಗೆ ಒತ್ತರಿಸಿಡುವುದು ಮರೆಯಬೇಡಿ, ಪ್ಲಾಸ್ಟಿಕ್ ಜಾರುತ್ತದೆ. ಪಕ್ಕದವರು ನೋಡುತ್ತಾರೆ, ನೋಡಲಿ; ಎರಡನೇ ವಾರಕ್ಕೆ ಅವರೂ ಕುರ್ಚಿ ಎಳೆದುಕೊಳ್ಳುತ್ತಾರೆ. ಕೊನೆಗೆ ಎದ್ದು ಬರಿಗಾಲಲ್ಲಿ ತಾಡಾಸನ. ಮುಂದಿನ ಸುತ್ತಿಗೆ ಬ್ಯಾಗ್ ಇನ್ನೊಂದು ಹೆಗಲಿಗೆ.

ಎಡಗೈ ಆಟಗಾರರು ಹಿಮ್ಮಡಿ, ಶೂ ಕುರಿತ ಮಾತನ್ನೆಲ್ಲ ಬಲಕ್ಕೆ ಎಡ, ಎಡಕ್ಕೆ ಬಲ ಮಾಡಿಕೊಂಡು ಓದಬೇಕಾಗಿ ವಿನಂತಿ.